ಎರಡು ಬಿಂಬಗಳ ನಡುವೆ 119 ದಿನ: ಕ್ವೇಸಾರ್‌ಗಳಿಂದ ವಿಶ್ವದ ಹಿಗ್ಗುವಿಕೆಯನ್ನು ಅಳೆಯುವ ಬಗೆ

ವಿಶ್ವ ಹಿಗ್ಗುತ್ತಿದೆ ಎನ್ನುವ ಬಗ್ಗೆ ಖಗೋಳ ವಿಜ್ಞಾನಿಗಳಲ್ಲಿ ತಕರಾರಿಲ್ಲ. ತಕರಾರಿರುವುದು ಎಷ್ಟು ವೇಗವಾಗಿ ಎನ್ನುವ ಬಗ್ಗೆ. ಆ ವೇಗವನ್ನು ಅಳೆಯಲು ಹಲವು ದಾರಿಗಳಿವೆ. ಬಹುದೂರದ ಕ್ವೇಸಾರ್‌ಗಳ ಬೆಳಕು ಏರಿಳಿಯುವುದನ್ನು ವರ್ಷಗಟ್ಟಲೆ ಕಾದು ನೋಡುವುದು ಅವುಗಳಲ್ಲೊಂದು. ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಚಿಕ್ಕದಾಗಿ ಐಐಎ, ಈ ಕೆಲಸದಲ್ಲಿ ನೇರವಾಗಿ ಕೈಹಾಕಿದ ಸಂಸ್ಥೆ. 2005ರಿಂದ 2011ರವರೆಗೆ ನಡೆದ ಅಂಥ ಒಂದು ಅಳತೆಯನ್ನು ಮುಂದಿಟ್ಟುಕೊಂಡು ಈ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಅಳೆಯಬೇಕಾದ್ದು ಏನು

ದೂರದ ಗ್ಯಾಲಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ. ಹೆಚ್ಚು ದೂರದಲ್ಲಿದ್ದಷ್ಟೂ ಹೆಚ್ಚು ವೇಗ. ಬೆಲ್ಜಿಯಂನ ಜಾರ್ಜ್ ಲಮೇತ್ರ್ 1927ರಲ್ಲಿ ಸಿದ್ಧಾಂತದ ಕಡೆಯಿಂದಲೂ ಅಮೆರಿಕದ ಎಡ್ವಿನ್ ಹಬಲ್ 1929ರಲ್ಲಿ ವೀಕ್ಷಣೆಯ ಕಡೆಯಿಂದಲೂ ತಲಪಿದ್ದು ಇದೇ ತೀರ್ಮಾನಕ್ಕೆ. ವೇಗವನ್ನು ದೂರದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಹಬಲ್ ಸ್ಥಿರಾಂಕ ಎಂದು ಹೆಸರು. ಅದರ ಬೆಲೆ 70 ಎಂದರೆ, ಒಂದು ಮೆಗಾಪಾರ್ಸೆಕ್ ದೂರದ, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ಆಚೆಯ ಗ್ಯಾಲಕ್ಸಿ ಸೆಕೆಂಡಿಗೆ 70 ಕಿಲೋಮೀಟರಿನಂತೆ ದೂರವಾಗುತ್ತಿದೆ ಎಂದರ್ಥ. ಹಬಲ್ ಕಾಲದಲ್ಲಿ ಈ ಸಂಖ್ಯೆ 500ರ ಆಸುಪಾಸು ಇತ್ತು. ಅವರ ವೇಗದ ಲೆಕ್ಕ ಹೆಚ್ಚು ಕೆಟ್ಟಿರಲಿಲ್ಲ. ಕೆಟ್ಟಿದ್ದು ದೂರದ ಲೆಕ್ಕ.

ಇಂದಿಗೂ ತೊಡಕು ಅಲ್ಲೇ. ವೇಗ ಸುಲಭವಾಗಿ ಸಿಗುತ್ತದೆ: ಬೆಳಕನ್ನು ರೋಹಿತವಾಗಿ ಬಿಡಿಸಿ, ಅದರಲ್ಲಿನ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂದು ನೋಡಿದರೆ ಆಯಿತು. ಇದು ಕೆಂಪುಪಲ್ಲಟ. ದೂರಕ್ಕೆ ಅಂಥ ನೇರ ಉಪಾಯವಿಲ್ಲ. ಹತ್ತಿರದ ತಾರೆಗಳಿಂದ ಮಿಡಿಯುವ ಸೆಫೀಡ್ ತಾರೆಗಳಿಗೆ, ಅಲ್ಲಿಂದ ಸೂಪರ್‌ನೋವಾಗಳಿಗೆ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಕೆಳಗಿನ ಮೆಟ್ಟಿಲಲ್ಲಿ ಆದ ತಪ್ಪು ಮೇಲಿನವರೆಗೂ ಹೋಗುತ್ತದೆ. ಈಗ ಚರ್ಚೆಯಲ್ಲಿರುವ ಎರಡು ಸಂಖ್ಯೆಗಳು ಇವು: ವಿಶ್ವದ ಆದಿಕಾಲದ ಮೈಕ್ರೋವೇವ್ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ತಂಡ 2018ರಲ್ಲಿ ಕೊಟ್ಟ 67.4, ಸೆಫೀಡ್ ಮತ್ತು ಸೂಪರ್‌ನೋವಾಗಳನ್ನು ನೆಚ್ಚಿದ ತಂಡ 2022ರಲ್ಲಿ ಕೊಟ್ಟ 73.04. ಎರಡರ ನಡುವೆ ಸುಮಾರು ಶೇಕಡಾ 8ರ ವ್ಯತ್ಯಾಸ. ಎರಡೂ ತಂಡಗಳು ತಮ್ಮ ದೋಷದ ಮಿತಿ ಅದಕ್ಕಿಂತ ಎಷ್ಟೋ ಕಡಿಮೆ ಎನ್ನುತ್ತವೆ. ಹಾಗಾಗಿ ಈ ಮೆಟ್ಟಿಲುಗಳನ್ನು ತುಳಿಯದೆ ನೇರವಾಗಿ ದೂರ ಅಳೆಯುವ ಮೂರನೆಯ ದಾರಿಗೆ ಬೆಲೆ ಬಂದಿದೆ.

ಕ್ವೇಸಾರ್ ಎಂದರೆ

ದೊಡ್ಡ ಗ್ಯಾಲಕ್ಸಿಯ ನಡುವೆ ಕೋಟಿಗಟ್ಟಲೆ ಸೂರ್ಯರಷ್ಟು ತೂಕದ ಕಪ್ಪುಕುಳಿ ಇದ್ದು, ಸುತ್ತಲಿನ ಅನಿಲ ಅದರೊಳಗೆ ಸುಳಿಸುಳಿಯಾಗಿ ಬೀಳುವಾಗ ಕಾದು ಉರಿದರೆ ಅದು ಕ್ವೇಸಾರ್. ಇಡೀ ಗ್ಯಾಲಕ್ಸಿಯನ್ನೇ ಮಂಕಾಗಿಸುವಷ್ಟು ಪ್ರಖರ. ದೂರದರ್ಶಕದಲ್ಲಿ ಮಾತ್ರ ಸಾಮಾನ್ಯ ತಾರೆಯಂತೆ ಒಂದು ಚುಕ್ಕಿ. 1962ರಲ್ಲಿ ಚಂದ್ರ 3ಸಿ 273 ಎಂಬ ರೇಡಿಯೊ ಆಕರವನ್ನು ಮರೆಮಾಡಿದಾಗ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಿಂದ ಅದರ ಜಾಗವನ್ನು ನಿಖರವಾಗಿ ಗುರುತಿಸಿದರು. ಮರುವರ್ಷ ಮಾರ್ಟೆನ್ ಶ್ಮಿಟ್ ಅದರ ರೋಹಿತವನ್ನು ಓದಿದರು. ಗೆರೆಗಳು 0.158ರಷ್ಟು ಕೆಂಪಿನತ್ತ ಸರಿದಿದ್ದವು. ತಾರೆ ಎಂದುಕೊಂಡದ್ದು ನೂರಾರು ಕೋಟಿ ಜ್ಯೋತಿರ್ವರ್ಷ ಆಚೆ ಇತ್ತು.

ಚಂದ್ರನ ಅಂಚನ್ನೇ ಅಳತೆಗೋಲಾಗಿಸುವ ಆ ಉಪಾಯ ಬೇಗನೆ ನಮ್ಮ ನೆರೆಗೂ ಬಂತು. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಊಟಿ ಬಳಿಯ ಮುತ್ತೊರೈಯಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ರೇಡಿಯೊ ದೂರದರ್ಶಕ 1970ರಲ್ಲಿ ಸಿದ್ಧವಾಯಿತು. ಅದನ್ನು ಕಟ್ಟಲು ಅಲ್ಲಿನ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ ಇಳಿಜಾರಿರುವ ಗುಡ್ಡವನ್ನು ಹುಡುಕಿ ಆರಿಸಿದ್ದರು. ಹಾಗೆ ಮಾಡಿದ್ದರಿಂದ ದೂರದರ್ಶಕದ ಉದ್ದ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತಿತು. ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ ಹೋದರೆ ಆಕಾಶದ ಆಕರವೊಂದನ್ನು ಒಂಬತ್ತು ಗಂಟೆಗೂ ಹೆಚ್ಚು ಕಾಲ ಹಿಂಬಾಲಿಸಬಹುದಾಯಿತು. ನನ್ನ ಮಟ್ಟಿಗೆ ಭಾರತದ ವಿಜ್ಞಾನದಲ್ಲಿ ಇದಕ್ಕಿಂತ ಚಂದದ ಎಂಜಿನಿಯರಿಂಗ್ ಬುದ್ಧಿ ಕಾಣುವುದು ಅಪರೂಪ. ಚಂದ್ರ ಮರೆಮಾಡಿದ ಸಾವಿರಕ್ಕೂ ಹೆಚ್ಚು ರೇಡಿಯೊ ಆಕರಗಳನ್ನು ಅಲ್ಲಿ ಅಳೆದರು. ಮಂದವಾದ ಆಕರಗಳು ಸರಾಸರಿಯಲ್ಲಿ ಚಿಕ್ಕದಾಗಿ ಕಾಣುತ್ತವೆ ಎಂದು ಸ್ವರೂಪ್ ಹಾಗೂ ವಿಜಯ್ ಕಪಾಹಿ 1975ರಲ್ಲಿ ತೋರಿಸಿದರು. ಹಿಂದಿನ ವಿಶ್ವ ಇಂದಿನಂತಿರಲಿಲ್ಲ, ಅದು ಬದಲಾಗುತ್ತ ಬಂದಿದೆ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಒಂದೇ ಬೆಳಕು, ಎರಡು ದಾರಿ

ಕ್ವೇಸಾರ್‌ನ ಹೊಳಪು ಮಾತ್ರ ನೋಡಿದರೆ ದೂರ ಗೊತ್ತಾಗದು. ಒಂದೊಂದರ ಪ್ರಖರತೆ ಒಂದೊಂದು ಬಗೆ. ಆದರೆ ಅವುಗಳ ಬೆಳಕು ವಾರ, ತಿಂಗಳುಗಳಲ್ಲಿ ಏರುತ್ತದೆ, ಇಳಿಯುತ್ತದೆ. ಈ ಚಂಚಲತೆಯೇ ಉಪಯೋಗಕ್ಕೆ ಬರುತ್ತದೆ.

ಕ್ವೇಸಾರ್‌ಗೂ ನಮಗೂ ನಡುವೆ ನೇರ ಸಾಲಿನಲ್ಲಿ ಒಂದು ಗ್ಯಾಲಕ್ಸಿ ಬಂದರೆ, ಅದರ ಗುರುತ್ವದಿಂದ ಬೆಳಕು ಬಾಗುತ್ತದೆ. ಹೀಗೆ ಬೆಳಕನ್ನು ಬಾಗಿಸುವ ಗ್ಯಾಲಕ್ಸಿಯೇ ಗುರುತ್ವ ಮಸೂರ. ಗ್ಯಾಲಕ್ಸಿಯ ಎರಡೂ ಮಗ್ಗುಲಿನಿಂದ ಬೆಳಕು ಬಂದು ಒಂದೇ ಕ್ವೇಸಾರ್ ಎರಡಾಗಿ, ಕೆಲವೊಮ್ಮೆ ನಾಲ್ಕಾಗಿ ಕಾಣುತ್ತದೆ. ಎರಡೂ ದಾರಿಗಳ ಉದ್ದ ಒಂದೇ ಅಲ್ಲ; ಗುರುತ್ವದ ಹಳ್ಳ ದಾಟುವಾಗ ಆಗುವ ವಿಳಂಬವೂ ಒಂದೇ ಅಲ್ಲ. ಆದ್ದರಿಂದ ಕ್ವೇಸಾರ್ ಇಂದು ಬೆಳಗಿದರೆ ಒಂದು ಬಿಂಬ ಮೊದಲು ಬೆಳಗುತ್ತದೆ, ಇನ್ನೊಂದು ದಿನಗಳೋ ತಿಂಗಳುಗಳೋ ತಡವಾಗಿ. ಗ್ಯಾಲಕ್ಸಿಯಿಂದ ದೂರ ಸರಿದು ಬಂದ ಬೆಳಕೇ ಮೊದಲು ತಲಪುತ್ತದೆ, ಅದು ಬಾಗಿದ್ದು ಕಡಿಮೆ.

ಮಂಡ್ಯ ಸೀಮೆಯವರಿಗೆ ಇದನ್ನು ನಾಲೆಯ ಲೆಕ್ಕದಲ್ಲಿ ಹೇಳಬಹುದು. ಒಂದೇ ತೂಬಿನಿಂದ ಬಿಟ್ಟ ನೀರು ಎರಡು ಕಾಲುವೆಗಳಲ್ಲಿ ಸುತ್ತಿ ಮದ್ದೂರಿನ ಆಚೆ ಒಂದೇ ಕೆರೆಗೆ ಬಂದು ಬೀಳುತ್ತದೆ ಎಂದುಕೊಳ್ಳಿ. ಕಾಲುವೆಗಳ ನಕ್ಷೆ ನಿಮ್ಮ ಕೈಯಲ್ಲಿದೆ. ಅದರಲ್ಲಿ ತಿರುವುಗಳೆಲ್ಲ ಸರಿಯಾಗಿವೆ, ಆದರೆ ಒಂದು ಅಂಗುಲಕ್ಕೆ ಎಷ್ಟು ಕಿಲೋಮೀಟರ್ ಎಂದು ಬರೆದಿಲ್ಲ. ಮೇಲಿನವರು ನೀರು ಹೆಚ್ಚಿಸಿದ ದಿನವೂ ನಿಮಗೆ ಗೊತ್ತಿಲ್ಲ. ಒಂದು ಕಾಲುವೆಯಲ್ಲಿ ನೀರೇರಿದ ಇಷ್ಟು ಗಂಟೆಯ ನಂತರ ಇನ್ನೊಂದರಲ್ಲಿ ಏರಿತು ಎಂದು ಮಾತ್ರ ನೋಡಿದ್ದೀರಿ. ನೀರಿನ ವೇಗ ಗೊತ್ತಿದ್ದರೆ ಸಾಕು, ಎರಡು ದಾರಿಗಳ ನಿಜವಾದ ಅಂತರ ಸಿಗುತ್ತದೆ, ಅದರಿಂದ ಇಡೀ ನಕ್ಷೆಯ ಪ್ರಮಾಣ ಸಿಗುತ್ತದೆ. ಬೆಳಕಿನ ವೇಗ ನಮಗೆ ಗೊತ್ತೇ ಇದೆ. ವಿಶ್ವದ ನಕ್ಷೆಯ ಪ್ರಮಾಣವೇ ಹಬಲ್ ಸ್ಥಿರಾಂಕ: ವಿಳಂಬ ಹೆಚ್ಚಿದ್ದರೆ ವಿಶ್ವ ದೊಡ್ಡದು, ಹಿಗ್ಗುವ ವೇಗ ಕಡಿಮೆ, ವಿಳಂಬ ಕಡಿಮೆಯಿದ್ದರೆ ವೇಗ ಹೆಚ್ಚು.

ನಾರ್ವೆಯ ಸ್ಯೂರ್ ರೆಫ್ಸ್‌ಡಾಲ್ ಈ ಲೆಕ್ಕವನ್ನು 1964ರಲ್ಲೇ ಬರೆದಿಟ್ಟಿದ್ದರು. ಆಗ ಅಂಥ ಒಂದು ಜೋಡಿಬಿಂಬವನ್ನೂ ಯಾರೂ ಕಂಡಿರಲಿಲ್ಲ.

415 ದಿನವೋ 540 ದಿನವೋ

ಮೊದಲ ಜೋಡಿ ಸಿಕ್ಕಿದ್ದು 1979ರಲ್ಲಿ. ಡೆನಿಸ್ ವಾಲ್ಶ್, ರಾಬರ್ಟ್ ಕಾರ್ಸ್‌ವೆಲ್ ಮತ್ತು ರೇ ವೇಮನ್ ಸಪ್ತರ್ಷಿ ಮಂಡಲದಲ್ಲಿ ಸುಮಾರು 6 ಆರ್ಕ್‌ಸೆಕೆಂಡು ಅಂತರದ ಎರಡು ಚುಕ್ಕಿಗಳ ರೋಹಿತಗಳು ಒಂದೇ ಎಂದು ಕಂಡರು. ಕ್ಯೂ 0957+561 ಎಂದು ಅದರ ಗುರುತು. ಇನ್ನೇನು, ಬಿಂಬಗಳ ನಡುವಿನ ವಿಳಂಬ ಅಳೆದರೆ ಮುಗಿಯಿತು ಎಂದುಕೊಂಡರು. ಮುಗಿಯಲು ಹದಿನೆಂಟು ವರ್ಷ ಬೇಕಾಯಿತು.

ಕಾರಣ ಸರಳ. ವರ್ಷದಲ್ಲಿ ಕೆಲವು ತಿಂಗಳು ಸೂರ್ಯ ಆ ದಿಕ್ಕಿಗೆ ಬಂದು ಕ್ವೇಸಾರ್ ಕಾಣುವುದಿಲ್ಲ. ಬೆಳಕಿನ ಏರಿಳಿತದ ದಾಖಲೆಯಲ್ಲಿ ಪ್ರತಿ ವರ್ಷ ಒಂದು ತೂತು. ತೂತುಗಳಿರುವ ಎರಡು ವಕ್ರರೇಖೆಗಳನ್ನು ಒಂದರ ಮೇಲೊಂದು ಜಾರಿಸಿ ಕೂಡಿಸಿದಾಗ, ಅವು ಒಂದಕ್ಕಿಂತ ಹೆಚ್ಚು ಕಡೆ ಕೂಡಿದಂತೆ ಕಾಣುತ್ತವೆ. ಒಂದು ಗುಂಪು 415 ದಿನದ ಸುಮಾರು ಎಂದಿತು, ಇನ್ನೊಂದು 540ರ ಸುಮಾರು ಎಂದು ಪಟ್ಟು ಹಿಡಿಯಿತು. 1994ರ ಡಿಸೆಂಬರಿನಲ್ಲಿ ಮುಂಚಿನ ಬಿಂಬ ಒಮ್ಮೆಲೇ ಮಂದವಾಯಿತು. ಮೊದಲ ಗುಂಪಿನ ಲೆಕ್ಕ ಸರಿಯಾದರೆ ಎರಡನೆಯ ಬಿಂಬ 1996ರ ಫೆಬ್ರವರಿಯಲ್ಲಿ ಮಂದವಾಗಬೇಕು. ಇಲ್ಲವಾದರೆ ಬೇಸಿಗೆ ಕಳೆಯುವವರೆಗೆ ಕಾಯಬೇಕು. ಫೆಬ್ರವರಿಯಲ್ಲೇ ಆಯಿತು. ಟೊಮಿಸ್ಲಾವ್ ಕುಂಡಿಚ್ ಮತ್ತು ಸಂಗಡಿಗರು 1997ರಲ್ಲಿ 417 ದಿನ ಎಂದು ಪ್ರಕಟಿಸಿದರು.

ಧನು ರಾಶಿಯ ಉಂಗುರ

ಜಗಳ ನಡೆಯುತ್ತಿದ್ದ ಆ ವರ್ಷಗಳಲ್ಲೇ ಭಾರತದ ರೇಡಿಯೊ ಖಗೋಳ ವಿಜ್ಞಾನಿಗಳ ಕಣ್ಣಿಗೆ ಇನ್ನೊಂದು ಬಿತ್ತು. ಧನು ರಾಶಿಯಲ್ಲಿ, ಆಕಾಶಗಂಗೆಯ ದಟ್ಟ ದೂಳಿನ ಹಿಂದೆ ಅಡಗಿರುವ 1830-211 ಎಂಬ ಪ್ರಬಲ ರೇಡಿಯೊ ಆಕರ ಗುರುತ್ವ ಮಸೂರದ ಫಲ ಇರಬಹುದೆಂದು ಎ. ಪ್ರಮೇಶ್ ರಾವ್ ಮತ್ತು ರವಿ ಸುಬ್ರಹ್ಮಣ್ಯನ್ 1988ರಲ್ಲಿ ಸೂಚಿಸಿದರು. ಸುಬ್ರಹ್ಮಣ್ಯನ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಉಂಗುರದಾಕಾರದ ಈ ಬಿಂಬದ ಎರಡು ಗಂಟುಗಳ ನಡುವೆ ಸುಮಾರು 26 ದಿನಗಳ ವಿಳಂಬವಿದೆ ಎಂದು 1998ರಲ್ಲಿ ಆಸ್ಟ್ರೇಲಿಯಾದ ರೇಡಿಯೊ ದೂರದರ್ಶಕಗಳಿಂದ ತಿಳಿಯಿತು. ದೂಳನ್ನು ರೇಡಿಯೊ ಅಲೆಗಳು ದಾಟುತ್ತವೆ, ಕಣ್ಣಿಗೆ ಕಾಣುವ ಬೆಳಕು ದಾಟುವುದಿಲ್ಲ. ಈ ಮಸೂರ ರೇಡಿಯೊದವರಿಗೆ ಮೊದಲು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಕನ್ನಡಿ ಹಾನ್ಲೆಯಲ್ಲಿ, ಕೀಲಿಮಣೆ ಹೊಸಕೋಟೆಯಲ್ಲಿ

ವಿಳಂಬ ಅಳೆಯಲು ದೈತ್ಯ ದೂರದರ್ಶಕ ಬೇಡ. ಬೇಕಾದ್ದು ಮಧ್ಯಮ ಗಾತ್ರದ ಕನ್ನಡಿ, ಒಳ್ಳೆಯ ಆಕಾಶ, ವರ್ಷಗಟ್ಟಲೆ ಬಿಡದೆ ನೋಡುವ ಹಟ. ದೊಡ್ಡ ದೂರದರ್ಶಕಗಳಲ್ಲಿ ಒಂದು ರಾತ್ರಿ ಸಿಗುವುದೇ ಕಷ್ಟ, ಆರು ವರ್ಷ ಯಾರೂ ಕೊಡುವುದಿಲ್ಲ. ಈ ಲೆಕ್ಕಾಚಾರದ ಮೇಲೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 2004ರಲ್ಲಿ ಕಾಸ್ಮೊಗ್ರೇಲ್ ಎಂಬ ಕೂಟ ಶುರುವಾಯಿತು. ಒಂದರಿಂದ ಎರಡು ಮೀಟರ್ ಗಾತ್ರದ ದೂರದರ್ಶಕಗಳನ್ನು ಬೇರೆಬೇರೆ ದೇಶಗಳಲ್ಲಿ ಜೊತೆಗೂಡಿಸಿ ಮಸೂರದ ಕ್ವೇಸಾರ್‌ಗಳನ್ನು ಕಾಯುವುದು ಅದರ ಕೆಲಸ. ಭಾರತದ ಪಾಲು ಐಐಎಯ ಹಿಮಾಲಯನ್ ಚಂದ್ರ ದೂರದರ್ಶಕ.

ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಸರಸ್ವತಿ ಬೆಟ್ಟದ ಮೇಲೆ ಈ 2 ಮೀಟರ್ ಕನ್ನಡಿ ಇದೆ. ಮೊದಲ ಬಾರಿ ಅದು ಕಣ್ತೆರೆದದ್ದು 2000ದ ಸೆಪ್ಟೆಂಬರಿನಲ್ಲಿ. ಚಳಿಗಾಲದಲ್ಲಿ ಸೊನ್ನೆಗಿಂತ ಬಹಳ ಕೆಳಗಿಳಿಯುವ, ಉಸಿರಾಡಲು ಗಾಳಿ ಸಾಲದ ಆ ಎತ್ತರದಲ್ಲಿ ಖಗೋಳ ವಿಜ್ಞಾನಿ ರಾತ್ರಿಯಿಡೀ ಕೂರಬೇಕಿಲ್ಲ. ಬೆಂಗಳೂರಿನ ಹೊರಗೆ ಹೊಸಕೋಟೆಯಲ್ಲಿರುವ ಐಐಎಯ ಕ್ರೆಸ್ಟ್ ಕೇಂದ್ರದ ಕೊಠಡಿಯಿಂದ ಉಪಗ್ರಹ ಸಂಪರ್ಕದ ಮೂಲಕ ದೂರದರ್ಶಕವನ್ನು ತಿರುಗಿಸುತ್ತಾರೆ, ಕ್ಯಾಮೆರಾ ತೆರೆಯುತ್ತಾರೆ, ಚಿತ್ರ ಇಳಿಸಿಕೊಳ್ಳುತ್ತಾರೆ.

ಕೂಟ ಕಾದ ಕ್ವೇಸಾರ್‌ಗಳಲ್ಲಿ ಒಂದು ಎಸ್‌ಡಿಎಸ್‌ಎಸ್ ಜೆ1001+5027. ಕೆಂಪುಪಲ್ಲಟ 1.838, ಅಂದರೆ ಅದರ ಬೆಳಕು ಹೊರಟು ಸುಮಾರು 1,000 ಕೋಟಿ ವರ್ಷಗಳಾಗಿವೆ. ನಡುವಿನ ಮಸೂರ ಗ್ಯಾಲಕ್ಸಿಯ ಕೆಂಪುಪಲ್ಲಟ 0.415; ಅದರ ಪಕ್ಕದಲ್ಲೇ ಇನ್ನೊಂದು ಗ್ಯಾಲಕ್ಸಿಯೂ ಇದೆ. ಎರಡು ಬಿಂಬಗಳ ಅಂತರ 2.86 ಆರ್ಕ್‌ಸೆಕೆಂಡು. ಹುಣ್ಣಿಮೆ ಚಂದ್ರನ ಅಗಲವನ್ನು ಆರುನೂರು ಪಾಲು ಮಾಡಿದರೂ ಒಂದು ಪಾಲು ಇದಕ್ಕಿಂತ ತುಸು ದೊಡ್ಡದೇ.

ಚಿತ್ರದಲ್ಲಿ ಇದು ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಹಾನ್ಲೆಯ ದೂರದರ್ಶಕದ ಮುಖ್ಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ 0.296 ಆರ್ಕ್‌ಸೆಕೆಂಡು. ಅಂದರೆ ಬಿಂಬ ಎ ಮತ್ತು ಬಿಂಬ ಬಿ ನಡುವೆ ಇರುವುದು ಹತ್ತಿರಹತ್ತಿರ ಹತ್ತು ಪಿಕ್ಸೆಲ್. ಗಾಳಿಯ ಅಲುಗಾಟದಿಂದ ಪ್ರತಿ ಚುಕ್ಕಿಯೂ ಹಲವು ಪಿಕ್ಸೆಲ್‌ಗಳಿಗೆ ಹರಡಿ ಒಂದರ ಅಂಚು ಇನ್ನೊಂದಕ್ಕೆ ತಾಗುತ್ತದೆ. ನಡುವೆ ಗ್ಯಾಲಕ್ಸಿಗಳ ಮಬ್ಬು ಬೆಳಕು ಬೇರೆ. ಅದೇ ಚೌಕಟ್ಟಿನಲ್ಲಿರುವ ಮಾಮೂಲಿ ತಾರೆಗಳು ಆ ರಾತ್ರಿ ಎಷ್ಟು ಹರಡಿವೆ ಎಂದು ನೋಡಿ, ಆ ಹರಡನ್ನು ಲೆಕ್ಕದಲ್ಲಿ ಕಳೆದು, ಎ ಎಷ್ಟು, ಬಿ ಎಷ್ಟು, ಗ್ಯಾಲಕ್ಸಿಗಳ ಪಾಲೆಷ್ಟು ಎಂದು ಬಿಡಿಸಬೇಕು. ಒಂದು ರಾತ್ರಿಯ ಈ ಕೆಲಸದಿಂದ ಎ ಬಿಂಬಕ್ಕೆ ಒಂದು ಚುಕ್ಕೆ, ಬಿ ಬಿಂಬಕ್ಕೆ ಒಂದು ಚುಕ್ಕೆ ಸಿಗುತ್ತದೆ. ಅಷ್ಟೇ.

ಅಂಥ 443 ರಾತ್ರಿಗಳ ಅಳತೆ ಸೇರಿತು. 2005ರ ಮಾರ್ಚಿನಿಂದ 2011ರ ಜುಲೈವರೆಗೆ ಹಾನ್ಲೆಯ ಜೊತೆಗೆ ಉಜ್ಬೇಕಿಸ್ತಾನದ ಮೈದಾನಕ್ ವೀಕ್ಷಣಾಲಯದ 1.5 ಮೀಟರ್ ದೂರದರ್ಶಕವೂ ಸ್ಪೇನಿನ ಲಾ ಪಾಲ್ಮಾ ದ್ವೀಪದ 1.2 ಮೀಟರ್ ಮರ್ಕೇಟರ್ ದೂರದರ್ಶಕವೂ ದುಡಿದವು. ಅದೃಷ್ಟಕ್ಕೆ ಈ ಕ್ವೇಸಾರ್ ಸುಮ್ಮನಿರುವ ಜಾತಿಯದಲ್ಲ. ಅದರ ಬೆಳಕು 0.2 ಮ್ಯಾಗ್ನಿಟ್ಯೂಡಿನಷ್ಟು, ಅಂದರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಏರಿಳಿಯಿತು. ಏರಿಳಿತ ಇಲ್ಲದಿದ್ದರೆ ಹೊಂದಿಸಲು ಏನೂ ಇರುತ್ತಿರಲಿಲ್ಲ. ಐಐಎಯ ಎಸ್. ರತ್ನ ಕುಮಾರ್, ಸಿ.ಎಸ್. ಸ್ಟಾಲಿನ್, ಟಿ.ಪಿ. ಪ್ರಭು ಮತ್ತು ಯುರೋಪ್, ಉಜ್ಬೇಕಿಸ್ತಾನಗಳ ಸಹೋದ್ಯೋಗಿಗಳು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಳೆಯ ಜಗಳದ ನೆನಪು ಎಲ್ಲರಿಗೂ ಇದ್ದಿರಬೇಕು: ಒಂದಲ್ಲ, ಐದು ಬೇರೆಬೇರೆ ವಿಧಾನಗಳಿಂದ ವಿಳಂಬ ಲೆಕ್ಕಹಾಕಿದರು. ಐದೂ ಒಂದಕ್ಕೊಂದು ಹೊಂದಿದವು. ಬಿಂಬ ಎ ಮುಂದು, ಬಿಂಬ ಬಿ ಹಿಂದು, ನಡುವೆ 119.3 ದಿನ, 3.3 ದಿನ ಹೆಚ್ಚುಕಡಿಮೆ. 1,000 ಕೋಟಿ ವರ್ಷದ ಪಯಣದಲ್ಲಿ ನಾಲ್ಕು ತಿಂಗಳ ವ್ಯತ್ಯಾಸ!

ದುದ್ದದ ಆಕಾಶದಲ್ಲಿ ಇದು ಎಲ್ಲಿದೆ

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿ ಇರುವುದು ಸುಮಾರು 12.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವನಕ್ಷತ್ರ ದಿಗಂತಕ್ಕೆ ತೀರ ಹತ್ತಿರ, ಆದರೆ ಸಪ್ತರ್ಷಿ ಮಂಡಲ ಬೇಸಿಗೆಯ ರಾತ್ರಿಗಳಲ್ಲಿ ಚೆನ್ನಾಗಿ ಮೇಲೇರುತ್ತದೆ. ಮಾರ್ಚ್ ಕೊನೆಯಲ್ಲಿ ರಾತ್ರಿ ಹತ್ತರ ಸುಮಾರಿಗೆ, ಬೀದಿದೀಪವೂ ಆಲೆಮನೆಯ ಹೊಗೆಯೂ ಇಲ್ಲದ ಬಯಲಿನಲ್ಲಿ ಉತ್ತರಕ್ಕೆ ಮುಖಮಾಡಿ ನಿಂತರೆ ಜೆ1001+5027 ಇರುವ ಜಾಗ ನೇರ ಎದುರಿಗೆ, ದಿಗಂತದಿಂದ 52 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಗುರುತು ಬೇಕೆಂದರೆ ಸಪ್ತರ್ಷಿಗಳಲ್ಲಿ ಪುಲಹನನ್ನು ಹಿಡಿಯಿರಿ. ಅಲ್ಲಿಂದ ಎಡಕ್ಕೆ, ತುಸು ಮೇಲಕ್ಕೆ, ತೋಳು ನೀಡಿ ಹಿಡಿದ ಮುಷ್ಟಿಯಗಲಕ್ಕಿಂತ ಸ್ವಲ್ಪ ಹೆಚ್ಚು ಹೋಗಬೇಕು. 1979ರ ಮೊದಲ ಜೋಡಿಯೂ ಅದೇ ನೆರೆಯಲ್ಲಿ, ಐದಾರು ಡಿಗ್ರಿ ಉತ್ತರಕ್ಕಿದೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಕಣ್ಣಿಗೆ ಸಿಗುವ ಅತಿ ಮಂದ ತಾರೆಗಿಂತ ಈ ಬಿಂಬಗಳು ಹತ್ತು ಸಾವಿರ ಪಟ್ಟಿಗೂ ಹೆಚ್ಚು ಮಂದ.

ಹತ್ತು ಮಸೂರಗಳಿಂದ ಒಂದು ಸಂಖ್ಯೆ

ವಿಳಂಬ ಸಿಕ್ಕ ಮಾತ್ರಕ್ಕೆ ಹಬಲ್ ಸ್ಥಿರಾಂಕ ಸಿಗುವುದಿಲ್ಲ. ನಕ್ಷೆ ಬೇಕು, ಅಂದರೆ ಮಸೂರ ಗ್ಯಾಲಕ್ಸಿಯೊಳಗೆ ತೂಕ ಹೇಗೆ ಹರಡಿದೆ ಎಂದು ಗೊತ್ತಿರಬೇಕು. ಅದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ದ್ರವ್ಯ. ಈ ವಿಧಾನದ ನಿಜವಾದ ದುರ್ಬಲ ಜಾಗ ಇದೇ, ಗಡಿಯಾರವಲ್ಲ.

ರತ್ನ ಕುಮಾರ್, ಸ್ಟಾಲಿನ್ ಮತ್ತು ಪ್ರಭು 2015ರಲ್ಲಿ ಮುಂದಿನ ಹೆಜ್ಜೆ ಇಟ್ಟರು. ವಿಳಂಬ ಅಳೆದಿದ್ದೇವೆ ಎಂದು ಜಗತ್ತಿನ ಬೇರೆಬೇರೆ ತಂಡಗಳು ಹೇಳಿದ್ದ 24 ಕ್ವೇಸಾರ್‌ಗಳ ದಾಖಲೆಗಳನ್ನು ತೆಗೆದು, ಎಲ್ಲಕ್ಕೂ ಒಂದೇ ಜರಡಿ ಹಿಡಿದರು. ಶೇಕಡಾ 20ಕ್ಕಿಂತ ಉತ್ತಮ ನಿಖರತೆಯಲ್ಲಿ ಉಳಿದದ್ದು 14. ಅವುಗಳಲ್ಲಿ ಮಸೂರದ ರಚನೆ ಸರಳವಾಗಿದ್ದು ಬೇಕಾದ ಮಾಹಿತಿಯೆಲ್ಲ ಇದ್ದವು 10. ಆ ಹತ್ತರಿಂದ ಬಂದ ಬೆಲೆ 68.1, ಹೆಚ್ಚುಕಡಿಮೆ 5.9. ಅಂದರೆ 62ರಿಂದ 74ರವರೆಗೆ ಎಲ್ಲಿಯಾದರೂ ಇರಬಹುದು. ವಾದಕ್ಕೆ ನಿಂತ ಎರಡೂ ಸಂಖ್ಯೆಗಳು ಅದರೊಳಗೇ ಕೂರುತ್ತವೆ. ತಾವು ಬಳಸಿದ ಮಸೂರದ ಮಾದರಿ ಸರಳವಾದದ್ದು, ದಾರಿಯಲ್ಲಿ ಅಕ್ಕಪಕ್ಕ ಸಿಗುವ ಬೇರೆ ದ್ರವ್ಯದ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದ್ದರಿಂದ ಈ ಬೆಲೆಯನ್ನು ಸೂಚಕವೆಂದಷ್ಟೇ ತಿಳಿಯಬೇಕು ಎಂದು ಅವರೇ ಬರೆದುಕೊಂಡರು. ಪತ್ರಿಕೆಗಳ ತಲೆಬರಹಕ್ಕೆ ಒಗ್ಗದ ಮಾತು. ಆದರೆ ನಂತರ ನಡೆದದ್ದನ್ನು ನೋಡಿದರೆ ಈ ಎಚ್ಚರ ಸರಿಯೇ ಇತ್ತು.

ಶೆರ್ರಿ ಸುಯು ನೇತೃತ್ವದ ಹೋಲಿಕೌ ತಂಡ ಆರೇ ಮಸೂರಗಳನ್ನು ಹಿಡಿದು, ಒಂದೊಂದನ್ನೂ ಹಬಲ್ ದೂರದರ್ಶಕದ ಚಿತ್ರಗಳಿಂದ ಸೂಕ್ಷ್ಮವಾಗಿ ಬಿಡಿಸಿ, 2020ರಲ್ಲಿ 73.3 ಎಂದಿತು, ದೋಷ ಶೇಕಡಾ ಎರಡೂವರೆಯ ಒಳಗೆ. ಸೂಪರ್‌ನೋವಾ ಪಕ್ಷಕ್ಕೆ ಇದು ದೊಡ್ಡ ಬಲ. ಅದೇ ವರ್ಷ ಬಹುತೇಕ ಅದೇ ವಿಜ್ಞಾನಿಗಳಿದ್ದ ಟಿಡಿಕಾಸ್ಮೊ ಕೂಟ ತೂಕದ ಹರಡಿನ ಬಗ್ಗೆ ಮಾಡಿಕೊಂಡಿದ್ದ ಊಹೆಗಳನ್ನು ಸಡಿಲಿಸಿ ನೋಡಿತು. ದೋಷದ ಮಿತಿ ಶೇಕಡಾ 8ರ ಹತ್ತಿರಕ್ಕೆ ಹಿಗ್ಗಿತು. ಬೇರೆ ಮಸೂರ ಗ್ಯಾಲಕ್ಸಿಗಳ ಮಾಹಿತಿಯನ್ನು ಜೊತೆಗೆ ಸೇರಿಸಿದಾಗ ಸಂಖ್ಯೆಯೇ 67.4ಕ್ಕೆ ಇಳಿಯಿತು.

ಹೀಗಾಗುವುದಕ್ಕೆ ಒಂದು ಗಣಿತದ ಕಾರಣ ಇದೆ. ಮಸೂರದ ಮೇಲೆ ಸಮನಾಗಿ ಹಾಸಿದ ತೆಳು ದ್ರವ್ಯದ ಹಾಳೆಯೊಂದನ್ನು ಸೇರಿಸಿ, ಉಳಿದ ತೂಕವನ್ನು ಅದಕ್ಕೆ ತಕ್ಕಂತೆ ತಗ್ಗಿಸಿದರೆ ಬಿಂಬಗಳ ಜಾಗವಾಗಲಿ ಒಂದರ ಹೊಳಪಿಗೆ ಇನ್ನೊಂದರ ಹೊಳಪಿನ ಅನುಪಾತವಾಗಲಿ ಬದಲಾಗುವುದಿಲ್ಲ, ಆದರೆ ವಿಳಂಬದಿಂದ ಬರುವ ಹಬಲ್ ಸ್ಥಿರಾಂಕ ಬದಲಾಗುತ್ತದೆ. 1985ರಿಂದಲೇ ಗೊತ್ತಿರುವ ತೊಂದರೆ ಇದು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಬಗೆಹರಿಯದು. ಮಸೂರ ಗ್ಯಾಲಕ್ಸಿಯೊಳಗಿನ ತಾರೆಗಳು ಎಷ್ಟು ವೇಗವಾಗಿ ಓಡಾಡುತ್ತಿವೆ ಎಂದು ರೋಹಿತದಿಂದ ಅಳೆದು, ಗ್ಯಾಲಕ್ಸಿಯ ತೂಕವನ್ನು ಬೇರೆ ದಾರಿಯಿಂದ ತಿಳಿಯಬೇಕು. ಜೆ1001+5027ಕ್ಕೂ ಅದೇ ಮುಂದಿನ ಅಗತ್ಯವೆಂದು 2013ರ ಲೇಖನ ಹೇಳಿತ್ತು. ಈ ಕೆಲಸಕ್ಕೆ 2 ಮೀಟರ್ ಸಾಲದು, 8–10 ಮೀಟರಿನ ಕನ್ನಡಿಗಳೋ ಬಾಹ್ಯಾಕಾಶದ ದೂರದರ್ಶಕಗಳೋ ಬೇಕು.

ಮಸೂರವಿಲ್ಲದ ಕ್ವೇಸಾರ್‌ಗಳು

ಕ್ವೇಸಾರ್‌ಗಳನ್ನು ಬಳಸುವ ಬೇರೆ ಎರಡು ದಾರಿಗಳನ್ನು ಚಿಕ್ಕದಾಗಿ ಹೇಳಬಹುದು. ಇಟಲಿಯ ಗೈಡೊ ರಿಸಾಲಿಟಿ ಮತ್ತು ಎಲಿಸಬೆಟ್ಟಾ ಲುಸ್ಸೊ ಕ್ವೇಸಾರ್‌ನ ಅತಿನೇರಳೆ ಬೆಳಕಿಗೂ ಎಕ್ಸ್-ಕಿರಣಕ್ಕೂ ಇರುವ ನಂಟಿನಿಂದ ಅದರ ನಿಜವಾದ ಪ್ರಖರತೆಯನ್ನು, ಅದರಿಂದ ದೂರವನ್ನು ಅಂದಾಜಿಸುತ್ತಾರೆ. ಸುಮಾರು 1,600 ಕ್ವೇಸಾರ್‌ಗಳನ್ನು ಹೀಗೆ ಅಳೆದು, ಬಹುದೂರದಲ್ಲಿ ಹಿಗ್ಗುವಿಕೆ ಒಪ್ಪಿತ ಮಾದರಿಯಂತೆ ಇಲ್ಲ ಎಂದು 2019ರಲ್ಲಿ ಹೇಳಿದರು. ಆ ನಂಟು ಎಲ್ಲ ಕಾಲಕ್ಕೂ ಒಂದೇ ಎಂಬುದನ್ನು ಹಲವರು ಒಪ್ಪಿಲ್ಲ. ನನಗೂ ಇದು ಇನ್ನೂ ಹದಕ್ಕೆ ಬಾರದ ವಿಧಾನ ಎನಿಸುತ್ತದೆ.

ಎರಡನೆಯದು ಗಟ್ಟಿಯಾದದ್ದು. ಕ್ವೇಸಾರ್‌ನ ಬೆಳಕು ಬರುವ ದಾರಿಯಲ್ಲಿ ಸಿಗುವ ಹೈಡ್ರೋಜನ್ ಮೋಡಗಳು ರೋಹಿತದಲ್ಲಿ ಗೆರೆಗಳ ಕಾಡನ್ನೇ ಮೂಡಿಸುತ್ತವೆ. ಆ ಮೋಡಗಳ ಹಂಚಿಕೆಯಲ್ಲಿ ಆದಿವಿಶ್ವದ ಶಬ್ದದಲೆಗಳು ಬಿಟ್ಟುಹೋದ, ಗೊತ್ತಿರುವ ಉದ್ದದ ಗುರುತು ಇದೆ. 1,40,000 ಕ್ವೇಸಾರ್‌ಗಳಿಂದ ಅದನ್ನು ಹುಡುಕಿದ ಬಾಸ್ ಸಮೀಕ್ಷೆ, 1,000 ಕೋಟಿ ವರ್ಷಗಳಿಗೂ ಹಿಂದೆ ವಿಶ್ವ ಪ್ರತಿ 4.4 ಕೋಟಿ ವರ್ಷಕ್ಕೆ ಶೇಕಡಾ 1ರಷ್ಟು ಹಿಗ್ಗುತ್ತಿತ್ತು ಎಂದು 2014ರಲ್ಲಿ ಲೆಕ್ಕ ಕೊಟ್ಟಿತು. ಅರಿಜೋನಾದ ದೇಸಿ ಎಂಬ ಉಪಕರಣ ಈಗ ಇನ್ನೂ ಲಕ್ಷಾಂತರ ಕ್ವೇಸಾರ್‌ಗಳಿಂದ ಅದೇ ಅಳತೆ ಮಾಡುತ್ತಿದೆ. ಇದು ಅಂದಿನ ವೇಗ. ಮಸೂರದ ವಿಳಂಬ ಕೊಡುವುದು ಇಂದಿನ ಬೆಲೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಾಗ ನಡುವಿನ ಕಾಲದಲ್ಲಿ ಏನಾಯಿತು ಎಂಬ ಊಹೆ ಸೇರಿಕೊಳ್ಳುತ್ತದೆ.

ಮುಂದೆ

ಚಿಲಿಯ ಸೆರೊ ಪಾಚೊನ್ ಬೆಟ್ಟದಲ್ಲಿ 8.4 ಮೀಟರ್ ಕನ್ನಡಿಯ ವೇರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. ಹತ್ತು ವರ್ಷ ಅದು ತನ್ನ ಪಾಲಿನ ಆಕಾಶವನ್ನು ಕೆಲವೇ ರಾತ್ರಿಗಳಿಗೊಮ್ಮೆ ಮತ್ತೆ ಮತ್ತೆ ಚಿತ್ರಿಸಲಿದೆ. ಹೊಸ ಮಸೂರಗಳು ಹೆಚ್ಚು ಸಂಖ್ಯೆಯಲ್ಲಿ ಸಿಗುತ್ತವೆ, ಕಾಯುವ ಕೆಲಸವೂ ತಾನಾಗಿ ನಡೆಯುತ್ತದೆ ಎಂಬ ನಿರೀಕ್ಷೆ ಇದೆ. ಆದರೆ ಆ ದೂರದರ್ಶಕ ಇರುವುದು 30 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿಂದ ಜೆ1001+5027 ಎಷ್ಟೇ ಮೇಲೇರಿದರೂ ದಿಗಂತದಿಂದ 10 ಡಿಗ್ರಿ ದಾಟುವುದಿಲ್ಲ. 1979ರ ಜೋಡಿ ಇನ್ನೂ ಕೆಳಗೆ. ಉತ್ತರದ ಮಸೂರಗಳನ್ನು ಕಾಯುವ ಕೆಲಸ ಹಾನ್ಲೆ, ಮೈದಾನಕ್, ಲಾ ಪಾಲ್ಮಾಗಳಂಥ ಕಡೆಯ ಚಿಕ್ಕ ಕನ್ನಡಿಗಳ ಪಾಲಿಗೇ ಉಳಿದಿದೆ.